ಅಕ್ಕನೋ ತಂಗಿಯೋ ಕೇಳದೆ ಹೋದರೆ

ಅಂಕಣ: ಜಮ್ನಾ ಪಾರ್

ಹೋದ ಮಾರ್ಚಿನಲ್ಲಿ ಅಮ್ಮ ಶಿವಮೊಗ್ಗದಿಂದ ಬಂದಿದ್ದಳು. ಚಳಿ ಇಳಿದು ಸೆಕೆ ಏರುವ ಮೊದಲಿನ ನಾಲ್ಕೈದು ವಾರ ಮಾತ್ರ ಅವಳಿಗೆ ದೆಹಲಿ ಒಗ್ಗುವುದು. ಒಂದು ಸಂಜೆ ನಮ್ಮ ಮಯೂರ್ ವಿಹಾರದ ಸೊಸೈಟಿಯ ಲಿಫ್ಟಿನಲ್ಲಿ ಎದುರು ಮನೆಯವರು ಸಿಕ್ಕರು. ಅರವತ್ತು ದಾಟಿದ ಹೆಂಗಸು, ಬಹಳ ಸ್ನೇಹಜೀವಿ. "ಮೇರೀ ಬೆಹೆನ್ ಆಯೀ ಹೈ ಕಾನ್ಪುರ್ ಸೇ" ಎಂದರು.

"ಏನಂತೋ?" ಎಂದಳು ಅಮ್ಮ.

"ಕಾನ್ಪುರದಿಂದ ಅವರ ತಂಗಿ ಬಂದಿದಾರಂತೆ."

ಮರುದಿನ ಅಮ್ಮ ಕೋಡುಬಳೆ ಕರಿದು, ಡಬ್ಬಿಯಲ್ಲಿ ತುಂಬಿಕೊಂಡು ಎದುರು ಮನೆಗೆ ಹೋದಳು. ಹತ್ತೇ ನಿಮಿಷಕ್ಕೆ ಮುಖ ಸಪ್ಪಗೆ ಮಾಡಿಕೊಂಡು ವಾಪಸ್ಸು ಬಂದಳು. ಬಾಗಿಲು ತೆಗೆದವರು ತಲೆಯೆಲ್ಲ ಬೆಳ್ಳಗಾದ, ಕೋಲು ಹಿಡಿದ ಅಜ್ಜಿ. ಅಮ್ಮ ಅವರನ್ನು ಎದುರು ಮನೆಯವರ ಅತ್ತೆ ಎಂದುಕೊಂಡು, ತನ್ನ ಹಿಂದಿಯಲ್ಲಿ "ಛೋಟಾ ಬೆಹೆನ್ ಕಿದರ್?" ಎಂದು ಅವರನ್ನೇ ಕೇಳಿದ್ದಳು.

"ಹನ್ನೆರಡು ವರ್ಷಕ್ಕೆ ದೊಡ್ಡೋರಂತೆ ಕಣೋ. ಅಕ್ಕ! ನೀನು ತಂಗಿ ಅಂದ್ಯಲ್ಲ. ಅವರೇನಾದ್ರೂ ತಂಗಿ ಅಂದಿದ್ರಾ?"

ಅವರು ಅಂದಿರಲಿಲ್ಲ. ಬೆಹೆನ್ ಎಂದಿದ್ದರು, ಅಷ್ಟೆ. ದೊಡ್ಡವಳೋ ಚಿಕ್ಕವಳೋ ಎಂದು ಆ ಪದ ಹೇಳುವುದಿಲ್ಲ. ನಮ್ಮಲ್ಲಿ ಸಹೋದರಿ ಎಂಬ ಪದ ಇದೆಯಾದರೂ ಅದನ್ನು ಭಾಷಣದಲ್ಲಿ ಬಳಸುತ್ತೇವೆಯೇ ಹೊರತು ಲಿಫ್ಟಿನಲ್ಲಲ್ಲ. ಮನೆಮಾತಿನಲ್ಲಿ ಅಕ್ಕ ಅನ್ನಬೇಕು, ಇಲ್ಲವೇ ತಂಗಿ ಅನ್ನಬೇಕು. ಹಿಂದಿಯ ಆ ವಾಕ್ಯ ಕೇಳದಿದ್ದ ಪ್ರಶ್ನೆಯನ್ನು ಕನ್ನಡ ನನ್ನನ್ನು ಕೇಳಿತ್ತು. ನಾನು ಆ ಪ್ರಶ್ನೆಯನ್ನು ಎದುರು ಮನೆಯವರಿಗೆ ದಾಟಿಸುವ ಬದಲು ಬಾಯಿಗೆ ಬಂದ ಉತ್ತರವನ್ನು ನಾನೇ ಕೊಟ್ಟುಬಿಟ್ಟಿದ್ದೆ.

ಇದನ್ನು ನಗುತ್ತಾ ಮರೆತುಬಿಡಬಹುದಿತ್ತು. ಆದರೆ ಅದೇ ತಿಂಗಳುಗಳಲ್ಲಿ ಆಫೀಸಿನಲ್ಲೂ ಇದೇ ತಪ್ಪು ಮಾಡಿದ್ದೆ ಎಂದು ಮೇ ತಿಂಗಳಲ್ಲಿ ಗೊತ್ತಾಯಿತು. ಅಲ್ಲಿ ಹಾಳಾದದ್ದು ಒಂದು ಡಬ್ಬಿ ಕೋಡುಬಳೆಯ ಸಂಭ್ರಮವಲ್ಲ, ಒಬ್ಬ ಮನುಷ್ಯನ ಸಂಬಳಕ್ಕೇ ಕುತ್ತು ಬಂದಿತ್ತು.

ಈ ಅಂಕಣ ಓದುವವರಲ್ಲಿ ಅರ್ಧ ಜನ ನನ್ನ ಹಾಗೆ ಬೆಳಿಗ್ಗೆ ಮೆಟ್ರೋ ಹತ್ತಿ ನೋಯ್ಡಾಕ್ಕೋ ಗುರುಗ್ರಾಮಕ್ಕೋ ಹೋಗಿ ಕೋಡ್ ಬರೆಯುವವರು ಎಂದು ನಿಮ್ಮ ಪತ್ರಗಳಿಂದ ಗೊತ್ತು. ಉಳಿದರ್ಧ ಜನರಿಗಾಗಿ ಸ್ವಲ್ಪ ವಿವರಿಸುತ್ತೇನೆ, ಬಲ್ಲವರು ತಾಳ್ಮೆಯಿಂದಿರಿ.

ಬ್ಲೂ ಲೈನಿನಲ್ಲಿ ಸೆಕ್ಟರ್ 62ರಲ್ಲಿ ಇಳಿದರೆ ನನ್ನ ಆಫೀಸು. ನಮಗೆ ಬಂದಿದ್ದ ಕೆಲಸ ಇಷ್ಟು: ಹಾಲಿನ ಪದಾರ್ಥ ಸಾಗಿಸುವ ತಣ್ಣನೆಯ ವ್ಯಾನುಗಳ ಮೇಲೆ ಕಣ್ಣಿಡುವ ಒಂದು ಹಳೆಯ ತಂತ್ರಾಂಶ ಜಾವಾದಲ್ಲಿತ್ತು, ಅದನ್ನು ಸಿ ಶಾರ್ಪ್‌ಗೆ ತರಬೇಕಿತ್ತು. ಎರಡೂ ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳು. ನೋಡಲು ಅಕ್ಕತಂಗಿಯರ ಹಾಗೆ, ಸಾಲಿಗೆ ಸಾಲು ಹೊಂದುತ್ತವೆ. ಹಾಗಾಗಿಯೇ ಅಪಾಯ ಹೆಚ್ಚು. ಕನ್ನಡದಿಂದ ಜಪಾನಿಗೆ ಅನುವಾದ ಮಾಡುವವನು ಪ್ರತಿ ಪದಕ್ಕೂ ನಿಂತು ಯೋಚಿಸುತ್ತಾನೆ. ಹಿಂದಿಯಿಂದ ಕನ್ನಡಕ್ಕೆ ಮಾಡುವವನು ಓಡುತ್ತಾನೆ.

ಎರಡೂ ಭಾಷೆಗಳಲ್ಲಿ ಜೆನೆರಿಕ್ಸ್ ಎಂಬ ಸೌಲಭ್ಯ ಇದೆ. ಶಾಲೆಯಲ್ಲಿ ಪ್ರಾರ್ಥನೆಗೆ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸುವ ಮೇಷ್ಟ್ರನ್ನು ನೆನೆಸಿಕೊಳ್ಳಿ. ಅವರ ವಿದ್ಯೆ ಮಕ್ಕಳಿಗೆ ಮಾತ್ರ ಸೀಮಿತವಲ್ಲ. ಮಡಕೆಗಳನ್ನೂ ಹಾಗೆಯೇ ಜೋಡಿಸಬಲ್ಲರು, ಪುಸ್ತಕಗಳನ್ನೂ ಜೋಡಿಸಬಲ್ಲರು. ಏನನ್ನು ಜೋಡಿಸಬೇಕು ಎಂಬುದನ್ನು ಆಮೇಲೆ ಹೇಳಿದರಾಯಿತು, ಸದ್ಯಕ್ಕೆ ಅದನ್ನು 'ಟಿ' ಎಂದು ಕರೆಯೋಣ ಎಂದು ಒಂದೇ ಸಲ ಬರೆದಿಡುವುದೇ ಜೆನೆರಿಕ್ಸ್. ಆದರೆ ಮೇಷ್ಟ್ರದ್ದೊಂದು ಷರತ್ತು ಇದೆ: ನೀವು ಏನನ್ನಾದರೂ ತನ್ನಿ, ಯಾವ ಎರಡನ್ನು ಪಕ್ಕಪಕ್ಕ ಇಟ್ಟರೂ ಯಾವುದು ದೊಡ್ಡದು ಎಂದು ಹೇಳಲು ಬರುವಂತಿರಬೇಕು. ಟಿ ಮೇಲಿನ ಈ ಷರತ್ತನ್ನೇ ಟೈಪ್ ನಿರ್ಬಂಧ ಎನ್ನುತ್ತಾರೆ. ಷರತ್ತಿಗೆ ಹೊಂದದ ವಸ್ತು ತಂದರೆ ಕಂಪೈಲರ್ ಬಾಗಿಲಲ್ಲೇ ತಡೆಯುತ್ತದೆ.

ಈ ಷರತ್ತನ್ನು ಬರೆಯುವ ರೀತಿ ಮಾತ್ರ ಎರಡು ಮನೆಗಳಲ್ಲಿ ಬೇರೆ ಬೇರೆ. ಜಾವಾದಲ್ಲಿ ಟಿ ಹುಟ್ಟುವ ಜಾಗದಲ್ಲೇ, ಕೋನಾಕಾರದ ಆವರಣದ ಒಳಗೇ, 'ಟಿ ಎಕ್ಸ್‌ಟೆಂಡ್ಸ್ ಕಂಪೇರಬಲ್' ಎಂದು ಬರೆಯುತ್ತಾರೆ. ಸಿ ಶಾರ್ಪ್‌ನಲ್ಲಿ ಮೊದಲು ಟಿ ಎಂದಷ್ಟೇ ಹೇಳಿ, ಸಾಲಿನ ಕೊನೆಗೆ 'ವೇರ್' ಎಂಬ ಪದ ಹಾಕಿ, ಟಿ ಹೀಗಿರತಕ್ಕದ್ದು ಎಂದು ಬರೆಯುತ್ತಾರೆ. ಒಂದಕ್ಕಿಂತ ಹೆಚ್ಚು ಷರತ್ತುಗಳಿದ್ದರೆ ಜಾವಾದವರು ನಡುವೆ ಆಂಪರ್ಸ್ಯಾಂಡ್ ಚಿಹ್ನೆ ಹಾಕುತ್ತಾರೆ, ಸಿ ಶಾರ್ಪ್‌ನವರು ಅಲ್ಪವಿರಾಮ ಹಾಕುತ್ತಾರೆ. ಇಲ್ಲಿಯವರೆಗೆ ಯಂತ್ರವೇ ಅನುವಾದ ಮಾಡಬಹುದು, ಮಾಡುತ್ತದೆ ಕೂಡ.

ಮುಂದಿನ ಮೆಟ್ಟಿಲು ಸ್ವಲ್ಪ ಎತ್ತರ. ಜಾವಾದಲ್ಲಿ ಟೈಮ್‌ಸ್ಟ್ಯಾಂಪ್ ಎಂಬ ಹಳೆಯ ಟೈಪ್ ಒಂದಿದೆ. ಅದರ ತಾಯಿ ಡೇಟ್. ಹೋಲಿಸುವ ವಿದ್ಯೆ ಇರುವುದು ತಾಯಿಯ ಹೆಸರಿನಲ್ಲಿ, ಮಗಳ ಹೆಸರಿನಲ್ಲಿ ಅಲ್ಲ. 'ತನ್ನನ್ನು ತನ್ನಂಥದರೊಡನೆ ಹೋಲಿಸಬಲ್ಲದ್ದು' ಎಂದು ಷರತ್ತು ಬರೆದರೆ ಮಗಳಿಗೆ ಪ್ರವೇಶವಿಲ್ಲ. ಅದಕ್ಕೆ ಜಾವಾದವರು ಪ್ರಶ್ನಾರ್ಥಕ ಚಿಹ್ನೆ ಹಾಕಿ 'ಸೂಪರ್ ಟಿ' ಎನ್ನುತ್ತಾರೆ. ಟಿಗೋ ಅದರ ಹಿರಿಯರಲ್ಲಿ ಯಾರಿಗಾದರೂ ಒಬ್ಬರಿಗೋ ಹೋಲಿಸಲು ಬಂದರೆ ಸಾಕು ಎಂದರ್ಥ. ಈ ಪ್ರಶ್ನಾರ್ಥಕಕ್ಕೆ ವೈಲ್ಡ್‌ಕಾರ್ಡ್ ಎಂದು ಹೆಸರು. ಸಿ ಶಾರ್ಪ್‌ನಲ್ಲಿ ಅದಕ್ಕೆ ಸಮನಾದ ಚಿಹ್ನೆ ಇಲ್ಲ. 2010ರಲ್ಲಿ ಬಂದ ಅದರ 4ನೇ ಆವೃತ್ತಿಯಲ್ಲಿ ಈ ಸಡಿಲಿಕೆಯನ್ನು ಹೋಲಿಕೆಯ ಇಂಟರ್‌ಫೇಸಿನ ವ್ಯಾಖ್ಯೆಯಲ್ಲೇ 'ಇನ್' ಎಂಬ ಪುಟ್ಟ ಪದವಾಗಿ ಒಮ್ಮೆಗೇ ಸೇರಿಸಿಬಿಟ್ಟರು. ಜಾವಾದಲ್ಲಿ ಪ್ರತಿ ಬಾರಿ ಬಳಸುವವನು ಬರೆಯಬೇಕಾದದ್ದನ್ನು ಇಲ್ಲಿ ಮನೆ ಕಟ್ಟಿದವನೇ ಬರೆದಿಟ್ಟಿದ್ದಾನೆ. ಹಾಗಾಗಿ ಅನುವಾದದಲ್ಲಿ ಆ ಪ್ರಶ್ನಾರ್ಥಕವನ್ನು ಧೈರ್ಯವಾಗಿ ಬಿಟ್ಟುಬಿಡಬಹುದು.

ನಡುವೆ ಒಂದು ವಲಸೆಯ ಕತೆ ಹೇಳಬೇಕು. ಜಾವಾಕ್ಕೆ ವೈಲ್ಡ್‌ಕಾರ್ಡ್ ಸೇರಿಸುವ ಬಗ್ಗೆ 2004ರಲ್ಲಿ ಬಂದ ಪ್ರಬಂಧದ ಮೊದಲ ಲೇಖಕ ಮ್ಯಾಡ್ಸ್ ಟೋರ್ಗರ್ಸನ್. ಆಮೇಲೆ ಅವರು ಮೈಕ್ರೋಸಾಫ್ಟ್ ಸೇರಿ ಸಿ ಶಾರ್ಪ್‌ನ ಮುಖ್ಯ ವಿನ್ಯಾಸಕರಾದರು. ಊರು ಬಿಟ್ಟು ಊರು ಸೇರಿದ ಮೇಲೆ ಹಳೇ ಮನೆಯ ಗುಟ್ಟು ಗೊತ್ತಿದ್ದೂ ಹೊಸ ಮನೆಯ ರೀತಿಯಲ್ಲಿ ಬದುಕಬೇಕಾಗುವುದು ನಮಗಷ್ಟೇ ಅಲ್ಲ.

ಈಗ ನಾನು ಎಡವಿದ ಜಾಗಕ್ಕೆ ಬರುತ್ತೇನೆ. ಅದು ಬರೆದ ಷರತ್ತಲ್ಲ, ಬರೆಯದೇ ಇದ್ದ ಷರತ್ತು.

ಜಾವಾಕ್ಕೆ ಜೆನೆರಿಕ್ಸ್ ಬಂದದ್ದು 2004ರ 5ನೇ ಆವೃತ್ತಿಯಲ್ಲಿ. ಗಿಲಾಡ್ ಬ್ರಾಕಾ, ಮಾರ್ಟಿನ್ ಓಡರ್ಸ್ಕಿ, ಡೇವಿಡ್ ಸ್ಟೌಟಮೈರ್, ಫಿಲಿಪ್ ವಾಡ್ಲರ್ ಈ ನಾಲ್ವರು 1998ರಲ್ಲಿ ತೋರಿಸಿದ ದಾರಿ ಅದು. ಆ ಹೊತ್ತಿಗೆ ಜಗತ್ತಿನಲ್ಲಿ ಜಾವಾ ಕೋಡ್ ರಾಶಿ ಬಿದ್ದಿತ್ತು. ಹಳೆಯದು ಯಾವುದೂ ಕೆಡಬಾರದು ಎಂದು, ಕಂಪೈಲ್ ಆಗುವಾಗ ಷರತ್ತುಗಳನ್ನೆಲ್ಲ ಪರೀಕ್ಷಿಸಿ, ಆಮೇಲೆ ಟಿಯನ್ನು ಅಳಿಸಿಹಾಕುವ ವ್ಯವಸ್ಥೆ ಮಾಡಿದರು. ಓಡುವ ಹೊತ್ತಿಗೆ ಟಿ ಜಾಗದಲ್ಲಿ ಉಳಿಯುವುದು ಯಾವುದೋ ವಸ್ತುವನ್ನು ತೋರಿಸುವ ಒಂದು ಬೆರಳು ಮಾತ್ರ. ಹೀಗಾಗಿ ಅಲ್ಲಿ ಬರೀ ಸಂಖ್ಯೆ ಟಿ ಆಗಲಾರದು, ಅದನ್ನು ಒಂದು ಪೆಟ್ಟಿಗೆಯಲ್ಲಿಟ್ಟು ವಸ್ತುವಾಗಿಸಿಯೇ ಕೊಡಬೇಕು. ಬೆರಳು ಏನನ್ನೂ ತೋರಿಸದೆಯೂ ಇರಬಹುದು. ಆ ಖಾಲಿ ಬೆರಳಿಗೆ ನಲ್ ಎನ್ನುತ್ತಾರೆ. ಅಂದರೆ 'ಏನೂ ಇಲ್ಲ'.

ಸಿ ಶಾರ್ಪ್‌ನ ಜೆನೆರಿಕ್ಸ್ 2005ರಲ್ಲಿ ಬಂತು. ಕೇಂಬ್ರಿಜ್‌ನಲ್ಲಿರುವ ಮೈಕ್ರೋಸಾಫ್ಟ್ ಸಂಶೋಧನಾಲಯದ ಡಾನ್ ಸೈಮ್ ಮತ್ತು ಆಂಡ್ರ್ಯೂ ಕೆನಡಿ ಅದರ ಹಿಂದಿದ್ದವರು. ಇಲ್ಲಿ ಟಿ ಅಳಿಸಿಹೋಗುವುದಿಲ್ಲ. ಬರೀ ಸಂಖ್ಯೆಯೂ ಪೆಟ್ಟಿಗೆಯಿಲ್ಲದೆ ನೇರವಾಗಿ ಟಿ ಆಗಬಹುದು. ಬಹಳ ಒಳ್ಳೆಯದೇ. ಆದರೆ ಬರೀ ಸಂಖ್ಯೆಗೆ 'ಏನೂ ಇಲ್ಲ' ಎಂಬ ಸ್ಥಿತಿಯೇ ಇಲ್ಲ. ಹಾಗಾಗಿ ಟಿ ಬೆರಳೋ ಬರೀ ಸಂಖ್ಯೆಯೋ ಎಂದು ಈ ಭಾಷೆ ಕೇಳುತ್ತದೆ. ಬೆರಳಾದರೆ ಷರತ್ತಿನಲ್ಲಿ 'ಕ್ಲಾಸ್' ಎಂದು ಬರೆಯಬೇಕು, ಸಂಖ್ಯೆಯಂಥದ್ದಾದರೆ 'ಸ್ಟ್ರಕ್ಟ್' ಎಂದು. ಜಾವಾದಲ್ಲಿ ಟಿ ಯಾವಾಗಲೂ ಬೆರಳೇ ಆದ್ದರಿಂದ ಅಲ್ಲಿ ಆ ಪ್ರಶ್ನೆ ಏಳುವುದೇ ಇಲ್ಲ. ಏಳದ ಪ್ರಶ್ನೆಗೆ ಉತ್ತರ ಯಾರು ಬರೆದಿಡುತ್ತಾರೆ?

ನಾನು ಅನುವಾದಿಸಿದ್ದು ಪುಟ್ಟದೊಂದು ಮೆಥಡ್, ಹದಿನೈದು ಸಾಲಿನದು. ಒಂದು ಪಟ್ಟಿ ಕೊಟ್ಟರೆ ಅದರಲ್ಲಿ ಅತಿ ದೊಡ್ಡದನ್ನು ಹುಡುಕಿ ಕೊಡುವುದು. ಪಟ್ಟಿ ಖಾಲಿಯಿದ್ದರೆ ನಲ್ ಕೊಡುವುದು. ಷರತ್ತನ್ನು ಸರಿಯಾಗಿ ದಾಟಿಸಿದೆ, ವೈಲ್ಡ್‌ಕಾರ್ಡನ್ನು ತಿಳಿದೇ ಬಿಟ್ಟೆ. ನಲ್ ಕೊಡುವ ಸಾಲಿಗೆ ಬಂದಾಗ ಕಂಪೈಲರ್ ತಕರಾರು ಎತ್ತಿತು. ಸಿಎಸ್ 0403 ಎಂಬ ಈ ತಕರಾರು ಬಲ್ಲವರಿಗೆ ಚಿರಪರಿಚಿತ: ಟಿ ಬರೀ ಸಂಖ್ಯೆಯಾಗಿರಬಹುದು, ಅದಕ್ಕೆ ನಲ್ ಆಗದು, ಬೇಕಿದ್ದರೆ 'ಡಿಫಾಲ್ಟ್' ಬಳಸಿ ನೋಡಿ ಎನ್ನುತ್ತದೆ. ಅಕ್ಕನೋ ತಂಗಿಯೋ ಎಂಬ ಪ್ರಶ್ನೆ ಅದೇ. ಕೇಳುತ್ತಾ ಕೇಳುತ್ತಲೇ ಒಂದು ಸುಲಭದ ಉತ್ತರವನ್ನೂ ಮುಂದಿಟ್ಟಿತ್ತು. ಸಂಜೆ ಏಳರ ಮೇಲಾಗಿತ್ತು. ಡಿಫಾಲ್ಟ್ ಎಂದು ಬರೆದೆ, ತಕರಾರು ಹೋಯಿತು, ಮನೆಗೆ ಹೋದೆ.

ಡಿಫಾಲ್ಟ್ ಎಂದರೆ ಬೆರಳುಗಳಿಗೆ ನಲ್, ಸಂಖ್ಯೆಗಳಿಗೆ ಸೊನ್ನೆ.

ಪರೀಕ್ಷೆ ಮಾಡಲಿಲ್ಲವೇ ಎಂದು ನೀವು ಕೇಳುವಿರಿ. ಮಾಡಿದ್ದೆವು. ಖಾಲಿ ಪಟ್ಟಿಯ ಪರೀಕ್ಷೆ ಜಾವಾದಲ್ಲೇ ಇತ್ತು, ಅದನ್ನೂ ಅನುವಾದಿಸಿದ್ದೆವು. ಆದರೆ ಅದನ್ನು ಬರೆದವರು ಖಾಲಿ ಪಟ್ಟಿಯನ್ನು ಹೆಸರುಗಳ ಪಟ್ಟಿ ಎಂದು ಇಟ್ಟುಕೊಂಡಿದ್ದರು. ಸಿ ಶಾರ್ಪ್‌ನಲ್ಲೂ ಹೆಸರೆಂದರೆ ಬೆರಳೇ, ಆದ್ದರಿಂದ ನಲ್ ಬಂತು, ಪರೀಕ್ಷೆ ಪಾಸಾಯಿತು. ಕರೆಯುವ ಕಡೆ 'ಉಷ್ಣಾಂಶ ನಲ್ ಆಗಿದ್ದರೆ' ಎಂಬ ಸಾಲೊಂದಿತ್ತು. ಅಲ್ಲಿ ಕಂಪೈಲರ್, ಈ ಮಾತು ಎಂದೂ ನಿಜವಾಗದು ಎಂದು ಎಚ್ಚರಿಸಿತ್ತು ಕೂಡ. ಅಂಥ ಎಚ್ಚರಿಕೆಗಳು ನಮ್ಮ ಪರದೆಯ ಮೇಲೆ ಸಾವಿರಗಟ್ಟಲೆ ಇದ್ದವು. ಯಾರೂ ಓದುತ್ತಿರಲಿಲ್ಲ. ಸಿ ಶಾರ್ಪ್‌ನಲ್ಲಿ ಸಿದ್ಧವಾಗಿಯೇ ಇರುವ ಮ್ಯಾಕ್ಸ್ ಬಳಸಿದ್ದರೂ, ಖಾಲಿ ಪಟ್ಟಿಗೆ ಅದು ದೋಷ ಎಸೆದು ನಮ್ಮನ್ನು ಎಬ್ಬಿಸುತ್ತಿತ್ತು. ನಾವು ಹಳೆಯದಕ್ಕೆ ನಿಷ್ಠರಾಗಿದ್ದೆವು.

ಮೇ ತಿಂಗಳ ಎರಡನೇ ವಾರ. ಹೊರಗೆ ನಲವತ್ತನಾಲ್ಕು ಡಿಗ್ರಿ. ಹರಿಯಾಣದ ಕಡೆಯಿಂದ ಈಸ್ಟರ್ನ್ ಪೆರಿಫೆರಲ್ ಹೆದ್ದಾರಿಯಲ್ಲಿ ಪನೀರ್ ತುಂಬಿಕೊಂಡು ಬಂದ ಒಂದು ವ್ಯಾನು ಗಾಜಿಯಾಬಾದಿನಲ್ಲಿ ಬಾಗಿಲು ತೆರೆದಾಗ ಹುಳಿ ವಾಸನೆ. ಸರಕೆಲ್ಲ ತಿಪ್ಪೆಗೆ. ಯಾರ ತಪ್ಪು ಎಂಬ ವಿಚಾರಣೆ ನಡೆಯಿತು. ನಮ್ಮ ಪರದೆ ನೋಡಿದರೆ ದಾರಿಯುದ್ದಕ್ಕೂ ಹಸಿರು. ಒಳಗೆ ಸೊನ್ನೆ ಡಿಗ್ರಿ, ಅಂದರೆ ತಣ್ಣಗೇ ಇತ್ತು. ಹಾಗಾದರೆ ಬಂದ ಮೇಲೆ ಚಾಲಕ ಬಾಗಿಲು ತೆರೆದಿಟ್ಟು ಮಲಗಿರಬೇಕು ಎಂದು ತೀರ್ಮಾನವಾಯಿತು. ನಷ್ಟವನ್ನು ಅವನ ಸಂಬಳದಲ್ಲಿ ಹಿಡಿಯುವುದೆಂದಾಯಿತು. ಅದಕ್ಕೆ ಪುರಾವೆಯಾಗಿ ಆ ದಿನದ ವರದಿ ಕಳಿಸಿ ಎಂದು ನಮಗೆ ಮೇಲ್ ಬಂತು.

ವರದಿ ತೆಗೆದವನು ನಾನೇ. ಅರ್ಧ ಗಂಟೆಗೊಂದು ಸಾಲು. ಮೊದಲ ಎರಡು ಸಾಲು 3.8, 4.1. ಆಮೇಲೆ 0.0. ಮತ್ತೆ 0.0. ಕೆಳಗೆ ಜಾರಿಸುತ್ತಾ ಹೋದೆ, ಐದು ಗಂಟೆ ಹೊತ್ತು 0.0. ಮೇ ತಿಂಗಳ ಬಿಸಿಲಿನಲ್ಲಿ ಓಡುವ ವ್ಯಾನಿನ ಉಷ್ಣಾಂಶ ಐದು ಗಂಟೆ ಕಾಲ ಒಂದು ಕೂದಲೆಳೆಯೂ ಅಲ್ಲಾಡದೆ ನಿಲ್ಲುವುದುಂಟೇ? ಮೂಲ ದತ್ತಾಂಶ ತೆರೆದು ನೋಡಿದೆ. ಐದು ಗಂಟೆ ಕಾಲ ಮಾಪಕದಿಂದ ಒಂದೇ ಒಂದು ರೀಡಿಂಗ್ ಬಂದಿರಲಿಲ್ಲ. ಆ ವ್ಯಾನಿನ ವೈರಿಂಗ್ ಕೈಕೊಟ್ಟು ತಂಪು ಮಾಡುವ ಯಂತ್ರವೂ ಮಾಪಕವೂ ಒಟ್ಟಿಗೇ ನಿಂತಿದ್ದವು ಎಂದು ಆಮೇಲೆ ತಿಳಿಯಿತು. ಹಳೇ ಜಾವಾ ತಂತ್ರಾಂಶವಾಗಿದ್ದರೆ 'ರೀಡಿಂಗ್ ಇಲ್ಲ' ಎಂದು ಕೆಂಪು ದೀಪ ಹೊತ್ತಿಸುತ್ತಿತ್ತು. ಯಾರಾದರೂ ಚಾಲಕನಿಗೆ ಫೋನು ಮಾಡುತ್ತಿದ್ದರು. ನನ್ನ ಅನುವಾದ 'ಗೊತ್ತಿಲ್ಲ' ಎಂಬುದನ್ನು 'ಸೊನ್ನೆ' ಎಂದು ಓದಿ ಹೇಳಿತ್ತು.

ಆ ಸೊನ್ನೆ ನನ್ನದು ಎಂದು ಬರೆದು ಕಳಿಸಲು ಒಂದು ರಾತ್ರಿ ಹಿಡಿಯಿತು. ಬರೆದೆ. ಮ್ಯಾನೇಜರು ಬೈದರು, ಬೈಯಬೇಕಾದದ್ದೇ. ಚಾಲಕನ ಸಂಬಳ ಹಿಡಿಯುವ ಮಾತು ಬಿಟ್ಟುಹೋಯಿತು. ಅವನನ್ನು ನಾನು ನೋಡಿಲ್ಲ. ವರದಿಯ ಒಂದು ಕಾಲಮಿನಲ್ಲಿ ಅವನ ಹೆಸರು ನೋಡಿದ್ದಷ್ಟೇ.

ಸರಿಪಡಿಸುವುದೂ ಒಂದೇ ಏಟಿಗೆ ಆಗಲಿಲ್ಲ. ಟಿ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಹಾಕಿದರೆ 'ಇರಬಹುದು, ಇಲ್ಲದಿರಬಹುದು' ಎಂದಾಗುತ್ತದೆ ಎಂದುಕೊಂಡು ಮೊದಲು ಅದನ್ನೇ ಹಾಕಿದೆವು. ಸಿ ಶಾರ್ಪ್ 9ರಿಂದ ಈಚೆಗೆ ಕಂಪೈಲರ್ ಅದನ್ನು ಒಪ್ಪುತ್ತದೆ. ಆದರೆ ಸ್ಟ್ರಕ್ಟ್ ಎಂಬ ಷರತ್ತು ಇಲ್ಲದೆ ಹೋದರೆ ಸಂಖ್ಯೆಗಳ ಮಟ್ಟಿಗೆ ಆ ಪ್ರಶ್ನಾರ್ಥಕಕ್ಕೆ ಬೆಲೆಯೇ ಇಲ್ಲ, ಮತ್ತದೇ ಸೊನ್ನೆ ಬಂತು. ಹಾಗಾದರೆ ಕ್ಲಾಸ್ ಷರತ್ತಿನದೊಂದು, ಸ್ಟ್ರಕ್ಟ್ ಷರತ್ತಿನದೊಂದು ಎಂದು ಒಂದೇ ಹೆಸರಿನ ಎರಡು ಮೆಥಡ್ ಬರೆಯೋಣ ಎಂದರೆ ಅದಕ್ಕೂ ಆಸ್ಪದವಿಲ್ಲ. ಷರತ್ತು ಮಾತ್ರ ಬೇರೆಯಾಗಿ ಉಳಿದದ್ದೆಲ್ಲ ಒಂದೇ ಆಗಿದ್ದರೆ ಸಿ ಶಾರ್ಪ್ ಅವೆರಡನ್ನೂ ಒಂದೇ ಎಂದು ಎಣಿಸುತ್ತದೆ. ಕೊನೆಗೆ ಆ ಮೆಥಡ್ ಎರಡು ಉತ್ತರ ಕೊಡುವಂತೆ ಮಾಡಿದೆವು: 'ಸಿಕ್ಕಿತೇ ಇಲ್ಲವೇ' ಎಂಬುದು ಒಂದು, 'ಸಿಕ್ಕಿದ್ದರೆ ಎಷ್ಟು' ಎಂಬುದು ಇನ್ನೊಂದು. ಮೊದಲನೆಯದನ್ನು ನೋಡದೆ ಎರಡನೆಯದನ್ನು ಬಳಸಬಾರದು ಎಂದು ತಂಡದಲ್ಲಿ ನಿಯಮ ಮಾಡಿದೆವು. ಎಚ್ಚರಿಕೆಗಳನ್ನು ಓದಿ ಸೊನ್ನೆಗೆ ಇಳಿಸಲು ಮೂರು ವಾರ ಬೇಕಾಯಿತು.

ಈಗ ಇಂಥ ಅನುವಾದದ ಮೊದಲ ಕರಡನ್ನು ಯಂತ್ರದ ಕೈಯಲ್ಲೇ ಮಾಡಿಸುತ್ತೇವೆ. ಆದರೂ ಪ್ರತಿ ಜೆನೆರಿಕ್ ಮೆಥಡ್ಡಿನ ಪಕ್ಕದಲ್ಲಿ ನಮ್ಮ ತಂಡ ಒಂದು ಸಾಲು ಬರೆಯಲೇಬೇಕು: ಮೂಲಭಾಷೆ ಇಲ್ಲಿ ಹೇಳದೆ ಬಿಟ್ಟದ್ದು ಏನು? ಖಾಲಿ ಇರಬಹುದೇ, ಬರೀ ಸಂಖ್ಯೆ ಬರಬಹುದೇ, ಇಲ್ಲಿ ಹೊಸ ವಸ್ತು ಹುಟ್ಟಿಸುವುದುಂಟೇ? ಮಥುರಾ ಕಡೆಯಿಂದ ಬಂದ ಹೊಸ ಹುಡುಗಿಯೊಬ್ಬಳಿಗೆ ಇದನ್ನು ವಿವರಿಸುವಾಗ ನನ್ನ ಅಮ್ಮನ ಕೋಡುಬಳೆ ಪ್ರಸಂಗ ಹೇಳಿದೆ. ಅವಳು ನಕ್ಕು, "ಸರ್, ನಿಮ್ಮ ಭಾಷೆಯ ಕಂಪೈಲರ್ ಬಹಳ ಸ್ಟ್ರಿಕ್ಟು" ಎಂದಳು. ಅವಳ ಭಾಷೆಯದೂ ಕಮ್ಮಿಯಿಲ್ಲ. ಬಸ್ಸು ಹೆಣ್ಣೋ ಗಂಡೋ ಎಂದು ಕೇಳುವ ಭಾಷೆ ಅದು, ಹದಿನೈದು ವರ್ಷದಿಂದ ನಾನು ಆ ಪರೀಕ್ಷೆಯಲ್ಲಿ ಫೇಲು.

ಅಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಜಾವಾ, ಸಿ ಶಾರ್ಪ್ ಬಿಟ್ಟು, ವ್ಯಾನು ಮತ್ತು ಸೊನ್ನೆಯ ಭಾಗ ಮಾತ್ರ.

"ಅಲ್ವೋ, ನಾನು ಹಾಲಿನ ಲೆಕ್ಕ ಕ್ಯಾಲೆಂಡರಿನಲ್ಲಿ ಬರೀತೀನಲ್ಲ, ಹಾಲು ತಗೊಳ್ದೇ ಇದ್ದ ದಿನ ಸೊನ್ನೆ ಹಾಕ್ತೀನಿ. ಬರೆಯೋಕೆ ಮರೆತ ದಿನ ಖಾಲಿ ಬಿಡ್ತೀನಿ. ತಿಂಗಳ ಕೊನೆಗೆ ಹಾಲಿನವನು ಬಂದಾಗ ಖಾಲಿ ಇರೋ ಮನೆಗಷ್ಟೇ ಇಬ್ಬರೂ ಕೂತು ನೆನಪು ಮಾಡ್ಕೋತೀವಿ. ಖಾಲಿ ಇದ್ದಲ್ಲೆಲ್ಲ ಸೊನ್ನೆ ಅಂದ್ಕೊಂಡ್ರೆ ಅವನಿಗೆ ಮೋಸ ಆಗಲ್ವಾ?"

ಆಗುತ್ತದೆ, ಅಮ್ಮ. ಆಗುವುದರಲ್ಲಿತ್ತು.

ಎದುರು ಮನೆಯವರು ಮೊನ್ನೆ ಮತ್ತೆ ಲಿಫ್ಟಿನಲ್ಲಿ ಸಿಕ್ಕಿ, ದೀಪಾವಳಿಗೆ ಭಾಯಿ ಬರುತ್ತಿದ್ದಾನೆ ಎಂದರು. "ಬಡೇ ಯಾ ಛೋಟೇ?" ಎಂದು ಕೇಳಿದೆ. ಇದನ್ನೇಕೆ ಕೇಳುತ್ತಿದ್ದಾನೆ ಎಂಬಂತೆ ನೋಡಿ, "ಛೋಟೇ" ಎಂದರು. ಮನೆಗೆ ಬಂದು ಅಮ್ಮನಿಗೆ ಫೋನು ಮಾಡಿ, ತಮ್ಮ ಎಂದು ಹೇಳಿದೆ. ಈ ಸಲ ಕೇಳಿಯೇ ಹೇಳಿದ್ದು.